ಐದು ಕಂಪ್ಯೂಟರ್ ಹಚ್ಚಿದರೂ ರೆಂಡರ್ ಎರಡು ಪಟ್ಟು ಮಾತ್ರ ಬೇಗ ಆಯ್ತು, ಯಾಕೆ?

ಇಕ್ಕೇರಿ_ಮಳೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರದವನು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವನ್ನು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ್ದೇನೆ. ಜೋರು ಮಳೆ. ಕ್ಯಾಮೆರಾ ಹೊರಗಿನ ಹುಲ್ಲಿನಿಂದ ಶುರುವಾಗಿ, ನಂದಿ ಮಂಟಪ ದಾಟಿ, ಒಳಗಿನ ಕಂಬಗಳ ನಡುವೆ ಹೋಗಿ ನಿಲ್ಲುತ್ತದೆ. 40 ಸೆಕೆಂಡಿನ ಒಂದೇ ಶಾಟ್. ಸೆಕೆಂಡಿಗೆ 24 ಫ್ರೇಮ್, ಒಟ್ಟು 960. ರೆಂಡರ್, ಅಂದರೆ ಕಟ್ಟಿದ್ದನ್ನು ಬೆಳಕು ನೆರಳು ಸಮೇತ ಚಿತ್ರವಾಗಿ ತೆಗೆಯುವುದು, ಬ್ಲೆಂಡರ್‌ನದೇ ಸೈಕಲ್ಸ್ ಎಂಜಿನ್‌ನಲ್ಲಿ.

ನನ್ನ ಹತ್ತಿರ ಇರುವುದು ಒಂದು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 12 ಜಿಬಿ ಮೆಮೊರಿಯದು. ಅಲ್ಲಲ್ಲಿ ಹತ್ತು ಫ್ರೇಮ್ ತೆಗೆದು ನೋಡಿದೆ. ಸರಾಸರಿ 6 ನಿಮಿಷ. ಅಂದರೆ 96 ಗಂಟೆ, ನಾಲ್ಕು ದಿನ ನಾಲ್ಕು ರಾತ್ರಿ. ನಮ್ಮೂರಿನ ಮಳೆಗಾಲದ ಕರೆಂಟಿನಲ್ಲಿ ಅದು ಆಗುವ ಮಾತಲ್ಲ.

ಗೆಳೆಯನೊಬ್ಬ ಗೇಮಿಂಗ್ ಸೆಂಟರ್ ಇಟ್ಟಿದ್ದಾನೆ. ರಾತ್ರಿ 11ರಿಂದ ಬೆಳಿಗ್ಗೆ 9ರವರೆಗೆ ಐದು ಕಂಪ್ಯೂಟರ್ ಬಳಸಿಕೋ ಅಂದ. ಮೂರರಲ್ಲಿ ನನ್ನದೇ ಕಾರ್ಡ್. ಎರಡರಲ್ಲಿ 3060 ಟಿಐ, 8 ಜಿಬಿ. ನಾನು ನೇರ ಲೆಕ್ಕ ಹಾಕಿದೆ. 960ನ್ನು 5ರಿಂದ ಭಾಗಿಸಿದರೆ ತಲಾ 192 ಫ್ರೇಮ್. 19 ಗಂಟೆ. ಎರಡು ರಾತ್ರಿಯಲ್ಲಿ ಮುಗಿಯಬೇಕು. 1ರಿಂದ 192 ಮೊದಲನೆಯದಕ್ಕೆ, 193ರಿಂದ 384 ಎರಡನೆಯದಕ್ಕೆ, ಹೀಗೆ ಹಂಚಿದೆ.

ಎರಡು ರಾತ್ರಿ ಕಳೆದ ಮೇಲೆ ಕೈಗೆ ಬಂದಿದ್ದು 410 ಫ್ರೇಮ್! ನನ್ನ ಒಂದೇ ಕಂಪ್ಯೂಟರ್ 20 ಗಂಟೆಯಲ್ಲಿ 200 ಮಾಡುತ್ತಿತ್ತು. ಐದು ಹಚ್ಚಿ ಎರಡರ ಕೆಲಸ. ಇನ್ನೊಂದು ವಿಚಿತ್ರ. 192ರಿಂದ 193ಕ್ಕೆ ಹೋಗುವಾಗ ಮಳೆ ಒಮ್ಮೆಲೇ ಜಿಗಿಯುತ್ತದೆ, ಯಾರೋ ರೀಲು ಕತ್ತರಿಸಿ ಅಂಟಿಸಿದ ಹಾಗೆ.

ಎಲ್ಲಿ ತಪ್ಪಿದೆ? ಸುಮ್ನೆ ಇನ್ನೊಂದು ಕಾರ್ಡ್ ತಗೊಂಡುಬಿಡಲಾ?

ಬಿಟ್ಟು_ಬೈಟು

ಇದಕ್ಕೆ ಆಮ್ಡಾಲ್ ನಿಯಮ ಅನ್ನುತ್ತಾರೆ. 1967ರಲ್ಲಿ ಜೀನ್ ಆಮ್ಡಾಲ್ ಹೇಳಿದ್ದು. ಕೆಲಸದಲ್ಲಿ ಹಂಚಲಾಗದ ಭಾಗ ಶೇ 5 ಇದ್ದರೆ, ಎಷ್ಟೇ ಪ್ರೊಸೆಸರ್ ಹಾಕಿದರೂ 20 ಪಟ್ಟಿಗಿಂತ ವೇಗ ಹೆಚ್ಚುವುದಿಲ್ಲ. ನಿಮ್ಮ ಸೀನ್‌ನಲ್ಲಿ ಹಂಚಲಾಗದ ಭಾಗ ಜಾಸ್ತಿ ಇರಬೇಕು.

ಕತ್ತಲೆಕೋಣೆ

ಟೈಲ್ ಸೈಜ್, ಅಂದರೆ ಚಿತ್ರವನ್ನು ಒಡೆದು ಮಾಡುವ ಚೌಕದ ಅಳತೆ, 256 ಮಾಡಿ. ನನಗೆ ಅದರಿಂದಲೇ ಅರ್ಧ ಸಮಯ ಉಳಿದಿತ್ತು.

ರೆಂಡರ್_ಕಾವಲು

ಟೈಲ್ ಸಲಹೆ ಹಳೆಯದು. ಸಿಪಿಯುಗೆ 16 ಅಥವಾ 32, ಜಿಪಿಯುಗೆ (ಗ್ರಾಫಿಕ್ಸ್ ಕಾರ್ಡ್‌ಗೆ) 256 ಅಂತ ಹೇಳುತ್ತಿದ್ದದ್ದು ಬ್ಲೆಂಡರ್ 3.0ಕ್ಕಿಂತ ಮೊದಲು. 2021ರ ಡಿಸೆಂಬರ್‌ನಲ್ಲಿ 3.0 ಬಂದಾಗ ಸೈಕಲ್ಸ್‌ನ ಒಳಗನ್ನೇ ಮತ್ತೆ ಬರೆದರು. ಈಗ ಟೈಲ್ ಇರುವುದು ದೊಡ್ಡ ಚಿತ್ರಕ್ಕೆ ಮೆಮೊರಿ ಉಳಿಸಲು, ವೇಗಕ್ಕಲ್ಲ.

ಬಿಟ್ಟು ಅವರೇ, ನಿಯಮ ಸರಿ, ಜಾಗ ತಪ್ಪು. ಇಕ್ಕೇರಿಯವರು ಒಂದು ಫ್ರೇಮನ್ನು ಐದು ಕಂಪ್ಯೂಟರ್‌ಗೆ ಹಂಚಿಲ್ಲ. ಬೇರೆ ಬೇರೆ ಫ್ರೇಮ್ ಕೊಟ್ಟಿದ್ದಾರೆ. ಒಂದು ಫ್ರೇಮ್‌ಗೆ ಇನ್ನೊಂದರ ಹಂಗಿಲ್ಲ. ಫೈಲ್ ಓದುವುದು, ಬಿವಿಎಚ್ (ಕಿರಣ ಯಾವುದಕ್ಕೆ ಬಡಿಯುತ್ತದೆ ಅಂತ ಬೇಗ ಹುಡುಕಲು ಮಾಡಿಕೊಳ್ಳುವ ಪಟ್ಟಿ) ಕಟ್ಟುವುದು, ಎಲ್ಲವನ್ನೂ ಪ್ರತಿ ಕಂಪ್ಯೂಟರ್ ತನ್ನ ಪಾಡಿಗೆ ತಾನು ಮಾಡಿಕೊಳ್ಳುತ್ತದೆ. ಹಾಗಾಗಿ ಐದಕ್ಕೆ ಐದು ಪಟ್ಟು ಸಿಗಲೇಬೇಕು, ಹತ್ತಿರ ಹತ್ತಿರ. ಸಿಕ್ಕಿಲ್ಲ ಅಂದರೆ ಎಲ್ಲೋ ಯಾರೋ ಕಾಯುತ್ತಿದ್ದಾರೆ.

ನಾನು ವ್ಯಾಂಕೂವರ್‌ನಲ್ಲಿ ರೆಂಡರ್ ರ್‍ಯಾಂಗ್ಲರ್. ಹೆಸರು ದೊಡ್ಡದು, ಕೆಲಸ ರಾತ್ರಿಯಿಡೀ ಕೂತು ಕೆಟ್ಟ ಫ್ರೇಮ್ ಹಿಡಿಯುವುದು. ಮೂರು ವಿಷಯ ಹೇಳಿ. ಪ್ರತಿ ಕಂಪ್ಯೂಟರ್ ಎಷ್ಟೆಷ್ಟು ಮುಗಿಸಿತು? ಪ್ರಾಜೆಕ್ಟ್ ಫೈಲ್, ಟೆಕ್ಸ್ಚರ್ (ಕಲ್ಲು ನೆಲಗಳ ಮೇಲ್ಮೈಗೆ ಅಂಟಿಸುವ ಚಿತ್ರ) ಎಲ್ಲಿದ್ದವು? ಮಳೆಯನ್ನು ಬೇಕ್ ಮಾಡಿದ್ದಿರಾ, ಅಂದರೆ ಹನಿಗಳ ಚಲನೆಯನ್ನು ಮೊದಲೇ ಲೆಕ್ಕ ಹಾಕಿ ಉಳಿಸಿದ್ದಿರಾ?

ಇಕ್ಕೇರಿ_ಮಳೆ

ಸಾರ್, ಲೆಕ್ಕ ಹೀಗಿದೆ. ಒಂದನೆಯದು 192 ಪೂರ್ತಿ, ಮೊದಲ ರಾತ್ರಿಯೇ ಮುಗಿಸಿತು. ಎರಡನೆಯದು 150. ಮೂರು ಮತ್ತು ನಾಲ್ಕು ಸೊನ್ನೆ, ಅವೇ 8 ಜಿಬಿಯವು, ಮೆಮೊರಿ ಸಾಲದು ಅಂತ ಹೇಳಿ ಮೊದಲ ಫ್ರೇಮ್‌ನಲ್ಲೇ ನಿಂತಿವೆ. ಐದನೆಯದು 68. ಅದಕ್ಕೆ ಒಂದೊಂದು ಫ್ರೇಮ್‌ಗೂ 17 ನಿಮಿಷ ಹಿಡಿದಿದೆ.

ಫೈಲ್ ಎಲ್ಲ ನನ್ನ ಲ್ಯಾಪ್‌ಟಾಪ್‌ನಲ್ಲಿ. ಶೇರ್ ಮಾಡಿದ್ದೆ. ವೈಫೈ.

ಬೇಕ್ ಮಾಡಿಲ್ಲ. ಮಾಡಬೇಕಿತ್ತಾ?

ಅಡಿಕೆ_ಚೊಗರು

ವೈಫೈ ಅಂದ್ರಾ ಮಾರಾಯ್ರೆ! ಗೇಮಿಂಗ್ ಸೆಂಟರ್ ತುಂಬ ಲ್ಯಾನ್ ಕೇಬಲ್ ಇರುವಾಗ.

ರೆಂಡರ್_ಕಾವಲು

ಕಥೆ ಪೂರ್ತಿ ಸಿಕ್ಕಿತು. ಒಂದೊಂದಾಗಿ ಬಿಡಿಸುತ್ತೇನೆ.

ಮೊದಲು ಹಂಚಿಕೆ. ಹೊರಗಿನ ಫ್ರೇಮ್‌ಗಳಲ್ಲಿ ಅರ್ಧ ಪರದೆ ಆಕಾಶ. ಬೆಳಕಿನ ಕಿರಣ ಆಕಾಶಕ್ಕೆ ಹೋದರೆ ಅಲ್ಲಿಗೆ ಮುಗಿಯಿತು. ಒಳಗಿನ ಕಂಬಗಳ ಮಧ್ಯೆ ಹಾಗಲ್ಲ. ಕಿರಣ ಕಲ್ಲಿಂದ ಕಲ್ಲಿಗೆ ಪುಟಿಯುತ್ತಲೇ ಇರುತ್ತದೆ, ಬೆಳಕು ಬರುವುದು ಬಾಗಿಲಿಂದ ಮಾತ್ರ. ಅದಕ್ಕೇ ಅಲ್ಲಿ 17 ನಿಮಿಷ. ಅಂಥ 192 ಫ್ರೇಮನ್ನು ಒಂದೇ ಕಂಪ್ಯೂಟರ್‌ನ ತಲೆಗೆ ಕಟ್ಟಿದಿರಿ. 17 ಗುಣಿಸು 192, 54 ಗಂಟೆ ಮೀರುತ್ತದೆ. ಉಳಿದ ನಾಲ್ಕು ಮಿಂಚಿನ ಹಾಗೆ ಓಡಿದ್ದರೂ ನಿಮ್ಮ ಕೆಲಸ 54 ಗಂಟೆಗೆ ಮೊದಲು ಮುಗಿಯುತ್ತಿರಲಿಲ್ಲ. ಎರಡನೇ ರಾತ್ರಿ ಒಂದನೇ ಕಂಪ್ಯೂಟರ್ ಸುಮ್ಮನೆ ಕೂತಿತ್ತು, ಐದನೆಯದು ಏದುಸಿರು ಬಿಡುತ್ತಿತ್ತು.

ಪರಿಹಾರ ಸುಲಭ. ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಓವರ್‌ರೈಟ್ ತೆಗೆಯಿರಿ, ಪ್ಲೇಸ್‌ಹೋಲ್ಡರ್ಸ್ ಹಾಕಿ. ಐದೂ ಕಂಪ್ಯೂಟರ್‌ಗೆ ಪೂರ್ತಿ 1ರಿಂದ 960 ಕೊಡಿ. ಔಟ್‌ಪುಟ್ ಫೋಲ್ಡರ್ ಮಾತ್ರ ಎಲ್ಲರಿಗೂ ಒಂದೇ. ಫ್ರೇಮ್ ಕೈಗೆತ್ತಿಕೊಂಡ ಕಂಪ್ಯೂಟರ್ ಆ ಹೆಸರಿನ ಖಾಲಿ ಫೈಲ್ ಇಟ್ಟು ಜಾಗ ಹಿಡಿಯುತ್ತದೆ. ಬೇರೆಯವು ಅದನ್ನು ನೋಡಿ ಮುಂದಿನದಕ್ಕೆ ಹೋಗುತ್ತವೆ. ಇನ್ನೂ ಅಚ್ಚುಕಟ್ಟಾಗಿ ಬೇಕು ಅಂದರೆ ಬ್ಲೆಂಡರ್ ಸ್ಟುಡಿಯೋದವರದೇ ಫ್ಲಮೆಂಕೊ ಇದೆ, ಉಚಿತ. ಒಂದು ಕಂಪ್ಯೂಟರ್ ಮ್ಯಾನೇಜರ್, ಉಳಿದವು ವರ್ಕರ್. ಐದೇ ಕಂಪ್ಯೂಟರ್‌ಗೆ ಪ್ಲೇಸ್‌ಹೋಲ್ಡರ್ ಸಾಕು.

ಅಡಿಕೆ_ಚೊಗರು

ಅಡಿಕೆ ಸುಲಿತದಲ್ಲಿ ನಾವು ಮಾಡುವುದೂ ಇದನ್ನೇ. ರಾಶಿಯನ್ನು ಮೊದಲೇ ಐದು ಪಾಲು ಮಾಡಿ ಯಾರೂ ಕೊಡುವುದಿಲ್ಲ. ನಡುವೆ ಒಂದೇ ರಾಶಿ. ಬುಟ್ಟಿ ಖಾಲಿಯಾದವರು ಬಂದು ತುಂಬಿಕೊಂಡು ಹೋಗುತ್ತಾರೆ. ಕೈ ಚುರುಕಿದ್ದವರು ಜಾಸ್ತಿ ಡಬ್ಬ ಸುಲಿಯುತ್ತಾರೆ, ಆದರೆ ಎಲ್ಲರೂ ಒಟ್ಟಿಗೇ ಏಳುತ್ತಾರೆ.

ರೆಂಡರ್_ಕಾವಲು

ಅಷ್ಟೇ. ನಮ್ಮ ರೆಂಡರ್ ಫಾರ್ಮ್‌ನಲ್ಲಿ ಸಾವಿರಾರು ಕಂಪ್ಯೂಟರ್ ಇದ್ದರೂ ಮೂಲ ಅದೇ, ನಡುವೆ ಒಂದು ರಾಶಿ. ಒಂದು ಮಾತು ಸೇರಿಸುತ್ತೇನೆ. ಭಾರದ ಫ್ರೇಮ್ ಕೊನೆಗೆ ಉಳಿಸಬೇಡಿ. ಕೊನೆಯಲ್ಲಿ ನಾಲ್ಕು ಕಂಪ್ಯೂಟರ್ ಬಿಡುವಾಗಿ ಒಂದು ಮಾತ್ರ ಒದ್ದಾಡುತ್ತಿರುತ್ತದೆ. ಬಿಡಿ, ನಿಮ್ಮದರಲ್ಲಿ ಇದರಿಂದ ಹೋಗುವುದು ಹತ್ತು ಹದಿನೈದು ನಿಮಿಷ.

ಎರಡನೆಯದು ವೈಫೈ. ನಿಮ್ಮ ಲಾಗ್‌ನಲ್ಲಿ ಪ್ರತಿ ಫ್ರೇಮ್‌ನ ಶುರುವಿಗೆ ಎಷ್ಟು ಹೊತ್ತು ಸಿನ್ಕ್ರನೈಸಿಂಗ್, ಲೋಡಿಂಗ್ ಅಂತ ಇದೆ ನೋಡಿ ಹೇಳಿ.

ಇಕ್ಕೇರಿ_ಮಳೆ

ಮನೆಯಲ್ಲಿ 40 ಸೆಕೆಂಡ್. ಸೆಂಟರ್‌ನಲ್ಲಿ 2 ನಿಮಿಷದ ಮೇಲೆ. ಒಂದನೇ ಕಂಪ್ಯೂಟರ್‌ನಲ್ಲಂತೂ 3 ನಿಮಿಷದ ಫ್ರೇಮ್‌ನಲ್ಲಿ 2 ನಿಮಿಷ ಅದೇ ಆಗಿದೆ. ಅಯ್ಯೋ.

ರೆಂಡರ್_ಕಾವಲು

ಅದೇ ಕಾಯುವ ಜಾಗ. ಮೂರು ಕಂಪ್ಯೂಟರ್ ಒಂದೇ ವೈಫೈ ಲ್ಯಾಪ್‌ಟಾಪ್‌ನ ಬಾಗಿಲು ಬಡಿಯುತ್ತಿದ್ದವು. ಇಡೀ ಪ್ರಾಜೆಕ್ಟನ್ನು ಐದೂ ಕಂಪ್ಯೂಟರ್‌ನ ಎಸ್‌ಎಸ್‌ಡಿಗೆ ಕಾಪಿ ಮಾಡಿ. ಪರ್ಸಿಸ್ಟೆಂಟ್ ಡೇಟಾ ಅನ್ನುವ ಆಯ್ಕೆ ಹಾಕಿ. ಆಗ ಬದಲಾಗದ ಕಲ್ಲು, ಕಂಬ, ಟೆಕ್ಸ್ಚರ್ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಮೆಮೊರಿಯಲ್ಲೇ ಉಳಿಯುತ್ತವೆ.

ಮೂರನೆಯದು ಮಳೆ. ಫ್ರೇಮ್‌ಗಳು ಸ್ವತಂತ್ರ ಅಂದೆನಲ್ಲ, ಅದು ರೆಂಡರ್‌ಗೆ ಮಾತ್ರ ನಿಜ. ಸಿಮ್ಯುಲೇಷನ್‌ಗೆ, ಅಂದರೆ ಹನಿಗಳ ಚಲನೆಯ ಲೆಕ್ಕಕ್ಕೆ, ಅಲ್ಲ. 193ನೇ ಫ್ರೇಮ್‌ನಲ್ಲಿ ಹನಿ ಎಲ್ಲಿರಬೇಕು ಅನ್ನುವುದು 192ರಲ್ಲಿ ಎಲ್ಲಿತ್ತು ಅನ್ನುವುದರ ಮೇಲೆ ನಿಂತಿದೆ. ಎರಡನೇ ಕಂಪ್ಯೂಟರ್ ನೇರ 193ಕ್ಕೆ ಹಾರಿತು. ಅದಕ್ಕೆ ಹಿಂದಿನ ಮಳೆಯೇ ಗೊತ್ತಿಲ್ಲ. ಬಟ್ಟೆ, ನೀರು, ಹೊಗೆ, ಎಲ್ಲಕ್ಕೂ ಇದೇ ಪಾಡು. ಡಿಸ್ಕ್ ಕ್ಯಾಶ್ ಆನ್ ಮಾಡಿ, ನಿಮ್ಮ ಕಂಪ್ಯೂಟರ್‌ನಲ್ಲಿ ಒಮ್ಮೆ ಬೇಕ್ ಮಾಡಿ, ಆ ಕ್ಯಾಶ್ ಫೋಲ್ಡರ್ ಸಮೇತ ಎಲ್ಲ ಕಡೆ ಕಾಪಿ ಮಾಡಿ. ಈ ಕೆಲಸವನ್ನು ಕಂಪ್ಯೂಟರ್‌ಗಳಿಗೆ ಹಂಚಲು ಬರುವುದಿಲ್ಲ, ಕೂತು ಕಾಯಲೇಬೇಕು.

ಹಳೇ_ಗೇಮರ್

ನೋಡ್ರಿ, ಎರಡು ಕಾರ್ಡ್ ಆಸೆ ಹೊಸದಲ್ಲ. 1998ರಲ್ಲಿ 3ಡಿಎಫ್ಎಕ್ಸ್‌ನವರ ವೂಡೂ2 ಬಂದಾಗ ಎರಡು ಕಾರ್ಡ್ ಜೋಡಿಸಿ, ಒಂದು ಗೆರೆ ಇದು, ಮುಂದಿನ ಗೆರೆ ಅದು ಅಂತ ಚಿತ್ರ ಬಿಡಿಸುತ್ತಿದ್ದವು. ಎಸ್‌ಎಲ್‌ಐ ಅಂದರೆ ಆಗ ಅದೇ ಅರ್ಥ, ಸ್ಕ್ಯಾನ್‌ಲೈನ್ ಇಂಟರ್‌ಲೀವ್. 2004ರಲ್ಲಿ ಎನ್‌ವಿಡಿಯಾ ಅದೇ ಮೂರಕ್ಷರಕ್ಕೆ ಬೇರೆ ಅರ್ಥ ಕೊಟ್ಟು ಮತ್ತೆ ತಂದಿತು. ಒಂದು ಫ್ರೇಮ್ ಈ ಕಾರ್ಡ್, ಮುಂದಿನದು ಆ ಕಾರ್ಡ್. ಈಗ ಗೇಮ್‌ಗಳಲ್ಲಿ ಅದು ಸತ್ತೇ ಹೋಯಿತು. ಈಗಿನ ಗೇಮ್‌ಗಳು ಹಿಂದಿನ ಫ್ರೇಮ್ ನೋಡಿಕೊಂಡು ಮುಂದಿನದನ್ನು ಬಿಡಿಸುತ್ತವೆ. ಎರಡು ಕಾರ್ಡ್ ಆದರೆ ಆ ಕಡೆ ಈ ಕಡೆ ಸಾಗಿಸುವುದರಲ್ಲೇ ಹೊತ್ತು ಹೋಗುತ್ತದೆ. ನಿಮ್ಮ ಮಳೆ ಜಿಗಿದ ಕಥೆ ಓದಿ ಇದು ನೆನಪಾಯಿತು.

ಬಿಟ್ಟು_ಬೈಟು

ಒಪ್ಪಿದೆ, ಇಲ್ಲಿ ಆಮ್ಡಾಲ್ ಇಲ್ಲ. ಆದರೆ "ಇನ್ನೊಂದು ಕಾರ್ಡ್ ತಗೊಳ್ಳಲಾ" ಅಂತ ಕೇಳಿದರಲ್ಲ, ಅಲ್ಲಿ ಇದ್ದಾನೆ. ಬ್ಲೆಂಡರ್ ಎರಡೂ ಕಾರ್ಡನ್ನು ಒಂದೇ ಫ್ರೇಮ್‌ಗೆ ಹಚ್ಚುತ್ತದೆ. 6 ನಿಮಿಷ ಅಂದರೆ 360 ಸೆಕೆಂಡ್. ಅದರಲ್ಲಿ 40 ಸೆಕೆಂಡ್ ತಯಾರಿ, ಅದನ್ನು ಕಾರ್ಡ್‌ಗಳು ಹಂಚಿಕೊಳ್ಳುವುದಿಲ್ಲ. ಎರಡು ಕಾರ್ಡ್‌ಗೆ 40 + 160 = 200 ಸೆಕೆಂಡ್, 1.8 ಪಟ್ಟು. ಹತ್ತು ಕಾರ್ಡ್ ಹಾಕಿದರೆ 40 + 32 = 72, ಐದು ಪಟ್ಟು. ಲೋಕದ ಕಾರ್ಡನ್ನೆಲ್ಲ ತಂದು ಸುರಿದರೂ 40 ಸೆಕೆಂಡ್ ಉಳಿದೇ ಇರುತ್ತದೆ, 9 ಪಟ್ಟಿಗೆ ನಿಲ್ಲುತ್ತದೆ.

ಹೊರಗಿನ ಹಗುರ ಫ್ರೇಮ್‌ಗೆ ಇನ್ನೂ ಕಡೆ. 90 ಸೆಕೆಂಡಿನ ಫ್ರೇಮ್‌ನಲ್ಲಿ 40 ತಯಾರಿ ಅಂದುಕೊಳ್ಳಿ. ಎರಡು ಕಾರ್ಡ್ ಹಾಕಿದರೆ 65 ಸೆಕೆಂಡ್. ದುಡ್ಡು ದುಪ್ಪಟ್ಟು, ವೇಗ 1.4 ಪಟ್ಟು. ಅಂಥ ಕಡೆ ಬ್ಲೆಂಡರನ್ನೇ ಎರಡು ಬಾರಿ ತೆರೆದು, ಒಂದಕ್ಕೆ ಒಂದು ಕಾರ್ಡ್ ಕೊಟ್ಟು ಬೇರೆ ಬೇರೆ ಫ್ರೇಮ್ ಮಾಡಿಸುವುದು ಜಾಣತನ. ರ್‍ಯಾಮ್ ಎರಡರಷ್ಟು ಬೇಕಾಗುತ್ತದೆ.

ಇಕ್ಕೇರಿ_ಮಳೆ

ಎರಡು ಕಾರ್ಡ್ ಹಾಕಿದರೆ 12 ಮತ್ತು 12, 24 ಜಿಬಿ ಆಗಲ್ವಾ? ಅದಕ್ಕೇ ಆಸೆ ಇತ್ತು.

ಬಿಟ್ಟು_ಬೈಟು

ಆಗಲ್ಲ ಗುರು. ಇದರಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಯಾವ ಕಿರಣ ಯಾವ ಕಂಬಕ್ಕೆ ಬಡಿಯುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಅದಕ್ಕೇ ಪ್ರತಿ ಕಾರ್ಡ್‌ನಲ್ಲೂ ಇಡೀ ದೇವಸ್ಥಾನದ ಪ್ರತಿ ಬೇಕು. 12 ಇದ್ದದ್ದು 12 ಆಗಿಯೇ ಇರುತ್ತದೆ. ಎನ್‌ವಿಲಿಂಕ್ ಇದ್ದರೆ ಎರಡು ಕಾರ್ಡ್ ಮೆಮೊರಿ ಹಂಚಿಕೊಳ್ಳಬಹುದು. 30ರ ಸಾಲಿನ ಗೇಮಿಂಗ್ ಕಾರ್ಡ್‌ಗಳಲ್ಲಿ ಅದು ಇದ್ದದ್ದು 3090ಕ್ಕೆ. 4090ರಲ್ಲಿ ಅದನ್ನೂ ತೆಗೆದರು.

ನಿಮ್ಮ ಸೀನ್ 8 ಜಿಬಿಯಲ್ಲಿ ಹಿಡಿಯುತ್ತಿಲ್ಲ ಅಂದರೆ ನನ್ನ ಅನುಮಾನ ಟೆಕ್ಸ್ಚರ್ ಮೇಲೆ. ಎಷ್ಟಿವೆ?

ಇಕ್ಕೇರಿ_ಮಳೆ

ಕಲ್ಲಿಗೆ, ನೆಲಕ್ಕೆ, ಪಾಚಿಗೆ ಎಲ್ಲ ಸೇರಿ 22. ಎಲ್ಲಾ 8ಕೆ. ಆದರೆ ಜೆಪೆಗ್, ಒಂದೊಂದು ಫೈಲ್ ಸಣ್ಣದೇ.

ಬಿಟ್ಟು_ಬೈಟು

ಡಿಸ್ಕ್‌ನಲ್ಲಿ ಸಣ್ಣದು. ಕಾರ್ಡ್‌ಗೆ ಹೋಗುವಾಗ ಗಂಟು ಬಿಚ್ಚಿಯೇ ಹೋಗಬೇಕು. 8192 ಗುಣಿಸು 8192 ಪಿಕ್ಸೆಲ್, ಪಿಕ್ಸೆಲ್‌ಗೆ 4 ಬೈಟ್. ಒಂದಕ್ಕೆ 256 ಎಂಬಿ. 22ಕ್ಕೆ 5.5 ಜಿಬಿ. ಇಷ್ಟಕ್ಕೇ 8ರಲ್ಲಿ ಮುಕ್ಕಾಲು ಭಾಗದ ಹತ್ತಿರ ಹೋಯಿತು. 4ಕೆ ಮಾಡಿದರೆ ಒಂದೊಂದು 64 ಎಂಬಿ, ಕಾಲು ಭಾಗ. ಕ್ಯಾಮೆರಾ ಮೂಗಿಗೆ ತಾಗುವಷ್ಟು ಹತ್ತಿರ ಹೋಗುವ ಕಂಬಕ್ಕೆ ಮಾತ್ರ 8ಕೆ ಉಳಿಸಿಕೊಳ್ಳಿ. ಹಿಂದಿನ ಗೋಡೆಯ ಪಾಚಿಗೆ 8ಕೆ ಯಾಕೆ?

ಇನ್ನೊಂದು. ಕಂಬಗಳನ್ನು ಹೇಗೆ ನಕಲು ಮಾಡಿದಿರಿ? ಶಿಫ್ಟ್+ಡಿ ಒತ್ತಿದರೆ ಪ್ರತಿ ಕಂಬದ ಮೆಶ್ (ಆಕಾರದ ಬಲೆ) ಬೇರೆ ಬೇರೆ, ಮೆಮೊರಿಯೂ ಬೇರೆ. ಆಲ್ಟ್+ಡಿ ಒತ್ತಿದರೆ ಮೆಶ್ ಒಂದೇ, ನಿಲ್ಲುವ ಜಾಗ ಮಾತ್ರ ಬೇರೆ.

ಇಕ್ಕೇರಿ_ಮಳೆ

ಶಿಫ್ಟ್+ಡಿ. ಎಲ್ಲವೂ ಶಿಫ್ಟ್+ಡಿ. ಮುಖ ತೋರಿಸಲು ನಾಚಿಕೆ.

ಅಡಿಕೆ_ಚೊಗರು

ಎಲ್ಲರೂ ಹಾಗೇ ಕಲಿತದ್ದು. ನಾನು ಒಂದು ಇಡೀ ಅಡಿಕೆ ತೋಟವನ್ನು ಶಿಫ್ಟ್+ಡಿ ಒತ್ತಿ ನೆಟ್ಟಿದ್ದೆ. ಫೈಲ್ ತೆರೆಯಲು ಒಂದು ಲೋಟ ಕಷಾಯ ಕುಡಿದು ಬರುವಷ್ಟು ಹೊತ್ತು ಬೇಕಿತ್ತು.

ಮೈಸೂರು_ನಕ್ಷೆ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ಆರ್ಕಿಟೆಕ್ಟ್. ನನಗೆ ಅನಿಮೇಷನ್ ಇಲ್ಲ, ಒಂದೇ ದೊಡ್ಡ ಸ್ಟಿಲ್ ಬೇಕು. ಆಫೀಸಿನಲ್ಲಿ ನಾಲ್ಕು ಒಂದೇ ತರಹದ ಕಂಪ್ಯೂಟರ್ ಇವೆ. ಒಂದೇ ಫ್ರೇಮ್ ಇರುವಾಗ ರಾಶಿಯಿಂದ ತೆಗೆದುಕೊಳ್ಳುವ ಮಾತೇ ಇಲ್ಲವಲ್ಲ. ಆಗ ಏನು ಮಾಡುತ್ತೀರಿ?

ರೆಂಡರ್_ಕಾವಲು

ಒಳ್ಳೆಯ ಪ್ರಶ್ನೆ ಮೇಡಂ. ಚಿತ್ರವನ್ನು ನಾಲ್ಕು ತುಂಡು ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವುದು. ಅಲ್ಲೂ ಆಕಾಶದ ತುಂಡು ಬೇಗ ಮುಗಿದು ಗಾಜಿನ ತುಂಡು ಕೊನೆಗೆ ಉಳಿಯುತ್ತದೆ. ಇನ್ನೊಂದು ದಾರಿ ಚೆನ್ನಾಗಿದೆ. ಪಾತ್ ಟ್ರೇಸಿಂಗ್ ಅಂದರೆ ಪ್ರತಿ ಪಿಕ್ಸೆಲ್‌ಗೂ ಬೇಕಾದಷ್ಟು ಕಿರಣ ಬಿಟ್ಟು ಸರಾಸರಿ ತೆಗೆಯುವುದು, ಅಲ್ವಾ? ಆ ಸರಾಸರಿಯನ್ನೇ ಹಂಚಿ. ನಾಲ್ಕೂ ಕಂಪ್ಯೂಟರ್ ಪೂರ್ತಿ ಚಿತ್ರವನ್ನೇ 1024 ಸ್ಯಾಂಪಲ್‌ನಲ್ಲಿ, ಅಂದರೆ ಪಿಕ್ಸೆಲ್‌ಗೆ 1024 ಕಿರಣ ಬಿಟ್ಟು, ಮಾಡಲಿ. ಡಿನಾಯ್ಸರ್ (ನಾಯ್ಸ್, ಅಂದರೆ ಚಿತ್ರದ ಚುಕ್ಕಿಗಳನ್ನು ಒರೆಸುವುದು) ಆಫ್ ಇರಲಿ. ಇಎಕ್ಸ್‌ಆರ್ ಅನ್ನುವ ಫೈಲ್ ಬಗೆಯಲ್ಲಿ ಉಳಿಸಿ. ಸೀಡ್, ಅಂದರೆ ಕಿರಣಗಳು ಯಾವ ಕಡೆ ಹಾರಬೇಕು ಅಂತ ನಿರ್ಧರಿಸುವ ಸಂಖ್ಯೆ, ಮಾತ್ರ ಒಂದೊಂದಕ್ಕೂ ಬೇರೆ ಇರಬೇಕು. ಆಮೇಲೆ ನಾಲ್ಕನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದರೆ 4096 ಸ್ಯಾಂಪಲ್‌ನ ಚಿತ್ರ ಸಿಗುತ್ತದೆ. ಡಿನಾಯ್ಸ್ ಮಾಡುವುದು ಅದಾದ ಮೇಲೆ. ಎಲ್ಲ ಕಂಪ್ಯೂಟರ್‌ಗೂ ಒಂದೇ ಕೆಲಸ, ಹಾಗಾಗಿ ಬಹುತೇಕ ಒಟ್ಟಿಗೇ ಮುಗಿಸುತ್ತವೆ.

ಆದರೆ ಆಸೆ ಮಿತಿಯಲ್ಲಿರಲಿ. ನಾಲ್ಕು ಪಟ್ಟು ಸ್ಯಾಂಪಲ್‌ಗೆ ನಾಯ್ಸ್ ಇಳಿಯುವುದು ಅರ್ಧಕ್ಕೆ ಮಾತ್ರ. ಇನ್ನೂ ಅರ್ಧ ಬೇಕು ಅಂದರೆ 16 ಕಂಪ್ಯೂಟರ್.

ಕತ್ತಲೆಕೋಣೆ

ದೊಡ್ಡ ಸ್ಟುಡಿಯೋಗಳಿಗೆ ಈ ತಲೆನೋವೇ ಇಲ್ಲ ಬಿಡಿ. ಅವರ ಹತ್ತಿರ ಕಂಪ್ಯೂಟರ್ ಜಾಸ್ತಿ, ಒಂದು ಫ್ರೇಮ್ ಕ್ಷಣದಲ್ಲಿ ಬರುತ್ತದೆ.

ರೆಂಡರ್_ಕಾವಲು

ಇಲ್ಲ ಇಲ್ಲ. ಇದು ದೊಡ್ಡ ತಪ್ಪು ತಿಳುವಳಿಕೆ. 1995ರ ಟಾಯ್ ಸ್ಟೋರಿ ಸಿನಿಮಾ ತಗೊಳ್ಳಿ. 1,14,240 ಫ್ರೇಮ್. ಸನ್ ಕಂಪನಿಯ 117 ಕಂಪ್ಯೂಟರ್‌ಗಳ ಫಾರ್ಮ್. ಒಟ್ಟು 8 ಲಕ್ಷ ಯಂತ್ರ ಗಂಟೆ. ಭಾಗಿಸಿ ನೋಡಿ, ಒಂದು ಫ್ರೇಮ್‌ಗೆ ಸರಾಸರಿ 7 ಗಂಟೆ. ಫಾರ್ಮ್ ಎಷ್ಟೇ ದೊಡ್ಡದಾದರೂ ಆ 7 ಗಂಟೆ 6 ಆಗಲಿಲ್ಲ. ಒಂದು ರಾತ್ರಿಗೆ ಹೆಚ್ಚು ಫ್ರೇಮ್ ಬಂತು, ಅಷ್ಟೇ. ಇವತ್ತಿಗೂ ಇಲ್ಲಿ ಒಂದು ಫ್ರೇಮ್‌ಗೆ ಗಂಟೆಗಟ್ಟಲೆ ಕಾಯುತ್ತೇವೆ. ಕಂಪ್ಯೂಟರ್ ವೇಗವಾದಷ್ಟೂ ಕಲಾವಿದರು ಕೂದಲು, ಮಂಜು, ನೀರು ಸೇರಿಸುತ್ತಲೇ ಇರುತ್ತಾರೆ.

ಅದಕ್ಕೇ ನಾವು ಯಾವ ಶಾಟ್ ಆದರೂ ಮೊದಲು ಮೂರೇ ಫ್ರೇಮ್ ಬಿಡುತ್ತೇವೆ. ಮೊದಲನೆಯದು, ನಡುವಿನದು, ಕೊನೆಯದು. ಆ ಮೂರು ಸರಿ ಬಂದ ಮೇಲೆ ಪೂರ್ತಿ. ಇಕ್ಕೇರಿಯವರೇ, ನೀವೂ ಹಾಗೇ ಮಾಡಿ, ಅದೂ 8 ಜಿಬಿ ಕಂಪ್ಯೂಟರ್‌ನಲ್ಲೇ ಮಾಡಿ. ನಿಮ್ಮ ಅತಿ ಬಡ ಕಂಪ್ಯೂಟರ್ ಒಪ್ಪಿದರೆ ಉಳಿದವು ಒಪ್ಪಿದ ಹಾಗೆ. ಮತ್ತೆ ದಯವಿಟ್ಟು ನೇರ ಎಂಪಿ4ಗೆ ರೆಂಡರ್ ಮಾಡಬೇಡಿ. ಬಿಡಿ ಬಿಡಿ ಚಿತ್ರಗಳಾಗಿ ಉಳಿಸಿ. ಕರೆಂಟ್ ಹೋದರೆ ಆ ಒಂದು ಫ್ರೇಮ್ ಮಾತ್ರ ಹೋಗುತ್ತದೆ.

ಬಿಟ್ಟು_ಬೈಟು

ಕಾರ್ಡ್‌ನ ಒಳಗೂ ಇದೇ ಜಗಳ ನಡೆಯುತ್ತದೆ ಅಂತ ಒಂದು ಮಾತು ಸೇರಿಸುತ್ತೇನೆ, ಬೇಡದವರು ದಾಟಿ ಹೋಗಿ. 3060ರಲ್ಲಿ 3584 ಕೂಡಾ (CUDA) ಕೋರ್, ಅಂದರೆ ಲೆಕ್ಕ ಮಾಡುವ ಸಣ್ಣ ಘಟಕಗಳು ಇವೆ. ಎಲ್ಲ ತಮ್ಮ ಪಾಡಿಗೆ ತಾವು ಓಡುವುದಿಲ್ಲ. 32ರ ಗುಂಪಿನಲ್ಲಿ ಹೆಜ್ಜೆಗೆ ಹೆಜ್ಜೆ ಹಾಕುತ್ತವೆ. ಗುಂಪಿನ ಒಂದು ಕಿರಣ ಆಕಾಶಕ್ಕೆ ಹೋಗಿ ಮುಗಿದರೂ, ಇನ್ನೊಂದು ಕಂಬಗಳ ನಡುವೆ ಸುತ್ತುತ್ತಿದ್ದರೆ, ಮುಗಿದದ್ದು ಸುಮ್ಮನೆ ನಿಲ್ಲಬೇಕು. ಹಳೆಯ ಸೈಕಲ್ಸ್‌ನಲ್ಲಿ ಒಂದು ಕಿರಣದ ಇಡೀ ಜೀವನ ಒಂದೇ ದೊಡ್ಡ ಪ್ರೋಗ್ರಾಂ ಆಗಿತ್ತು. 3.0ರಲ್ಲಿ ಅದನ್ನು ಒಡೆದು ಸಣ್ಣ ಸಣ್ಣ ಹಂತ ಮಾಡಿದರು. ಕಲ್ಲಿಗೆ ಬಡಿದ ಕಿರಣಗಳೆಲ್ಲ ಒಂದು ಸಾಲು, ಆಕಾಶಕ್ಕೆ ಹೋದವು ಒಂದು ಸಾಲು. ಒಂದೇ ತರಹದವನ್ನು ಒಟ್ಟಿಗೆ ಸೇರಿಸಿ ಓಡಿಸುತ್ತಾರೆ. ಅಡಿಕೆ ಅವರ ರಾಶಿಯೇ ಇಲ್ಲೂ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಇಕ್ಕೇರಿ_ಮಳೆ

ಹನ್ನೆರಡು ದಿನದ ನಂತರ ಬರುತ್ತಿದ್ದೇನೆ. ವರದಿ ಒಪ್ಪಿಸುತ್ತೇನೆ.

ಕಂಬಗಳನ್ನು ಆಲ್ಟ್+ಡಿಯಲ್ಲಿ ಮತ್ತೆ ನಿಲ್ಲಿಸಿದೆ. 22 ಟೆಕ್ಸ್ಚರ್‌ನಲ್ಲಿ 18ನ್ನು 4ಕೆ ಮಾಡಿದೆ. ವ್ಯತ್ಯಾಸ ನನಗೇ ಕಾಣಲಿಲ್ಲ, ಬೇರೆಯವರಿಗೆ ಎಲ್ಲಿಂದ ಕಾಣಬೇಕು. 8 ಜಿಬಿ ಕಾರ್ಡ್ ಈಗ ಆರಾಮಾಗಿ ಓಡಿತು. ಮಳೆ ಬೇಕ್ ಮಾಡಿದೆ. ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಐದೂ ಕಡೆ ಹಾಕಿದೆ. ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿ ಔಟ್‌ಪುಟ್ ಮಾತ್ರ ಅಲ್ಲಿಗೆ ಬರುವ ಹಾಗೆ ಮಾಡಿದೆ. ಸರಾಸರಿ ಫ್ರೇಮ್ ಸಮಯ ನಾಲ್ಕೂವರೆ ನಿಮಿಷಕ್ಕೆ ಇಳಿಯಿತು. ಒಟ್ಟು ಹದಿನಾಲ್ಕೂವರೆ ಗಂಟೆ. ಎರಡನೇ ರಾತ್ರಿ ಮೂರೂವರೆಗೆ ಮುಗಿಯಿತು, ಗೆಳೆಯ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ಕಾರ್ಡ್ ತಗೊಳ್ಳಲಿಲ್ಲ.

ವಿಡಿಯೋ ಮಾಡಿ ನೋಡಿದರೆ ನಡುವೆ ಐದು ಕಡೆ ಕಪ್ಪು ಮಿಂಚು! ಎದೆ ಧಸಕ್ ಅಂತು. ಫೋಲ್ಡರ್ ನೋಡಿದರೆ ಐದು ಫೈಲ್ ಸೊನ್ನೆ ಬೈಟ್. ಯಾಕೆ ಅಂತ ಗೊತ್ತಾಗಲಿಲ್ಲ.

ರೆಂಡರ್_ಕಾವಲು

ಮೊದಲ ರಾತ್ರಿ ಬೆಳಿಗ್ಗೆ 9ಕ್ಕೆ ಹೇಗೆ ನಿಲ್ಲಿಸಿದಿರಿ?

ಇಕ್ಕೇರಿ_ಮಳೆ

ಗಿರಾಕಿ ಬಂದರು ಅಂತ ಗೆಳೆಯ ಐದನ್ನೂ ಒಟ್ಟಿಗೆ ಆಫ್ ಮಾಡಿದ.

ಓ. ಐದು ಕಂಪ್ಯೂಟರ್, ಐದು ಖಾಲಿ ಫೈಲ್.

ರೆಂಡರ್_ಕಾವಲು

ಹೂಂ. ಜಾಗ ಹಿಡಿದು ಸತ್ತವು. ಎರಡನೇ ರಾತ್ರಿ ಎಲ್ಲವೂ "ಇದು ಯಾರದೋ ಆಗಿದೆ" ಅಂತ ದಾಟಿ ಹೋದವು. ನಾನೇ ಮೊದಲು ಹೇಳಬೇಕಿತ್ತು, ನನ್ನ ತಪ್ಪು. ಪ್ರತಿ ರಾತ್ರಿ ಶುರು ಮಾಡುವ ಮೊದಲು ಸೊನ್ನೆ ಬೈಟ್ ಫೈಲ್ ಹುಡುಕಿ ಅಳಿಸಬೇಕು. ಫ್ಲಮೆಂಕೊ ಆಗಿದ್ದರೆ ಅದೇ ನೋಡಿಕೊಳ್ಳುತ್ತಿತ್ತು.

ಇಕ್ಕೇರಿ_ಮಳೆ

ಅಳಿಸಿ ಮನೆಯಲ್ಲೇ ಐದೂ ಮಾಡಿಕೊಂಡೆ, ಅರ್ಧ ಗಂಟೆಯೂ ಆಗಲಿಲ್ಲ. ಮಳೆ ಈಗ ಒಂದೇ ಸಮ ಸುರಿಯುತ್ತದೆ. ಎಲ್ಲರಿಗೂ ದೊಡ್ಡ ಥ್ಯಾಂಕ್ಸ್.

ಮೈಸೂರು_ನಕ್ಷೆ

ನನ್ನದು ಆಗಲಿಲ್ಲ ಸಾರ್. ನೀವು ಹೇಳಿದ ಹಾಗೇ ನಾಲ್ಕು ಕಂಪ್ಯೂಟರ್, ತಲಾ 1024 ಸ್ಯಾಂಪಲ್, ಇಎಕ್ಸ್‌ಆರ್, ಎಲ್ಲಾ ಮಾಡಿದೆ. ಸರಾಸರಿ ತೆಗೆದರೆ ನಾಯ್ಸ್ ಒಂಚೂರೂ ಕಡಿಮೆ ಆಗಿಲ್ಲ. ಒಂದು ಚಿತ್ರದಲ್ಲಿ ಎಷ್ಟಿತ್ತೋ ಅಷ್ಟೇ ಇದೆ, ಚುಕ್ಕಿ ಇರುವ ಜಾಗವೂ ಅದೇ.

ಬಿಟ್ಟು_ಬೈಟು

ಮೇಡಂ, ಸೀಡ್ ಬದಲಿಸಿದ್ರಾ?

ಮೈಸೂರು_ನಕ್ಷೆ

ಅಯ್ಯೋ ದೇವರೇ. ನಾಲ್ಕರಲ್ಲೂ 0.